ನಾಲ್ಕು ಇಂಚಿನ ಲೆಕ್ಕಾಚಾರ

ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿದ, ಸಾಧಾರಣ ಸಂಬಳದವನ ಕೈಗೂ ಎಟುಕುವ ಕಾರನ್ನು ಫೋರ್ಡ್ ಕಂಪನಿ ಅಮೆರಿಕದ ಪೇಟೆಗೆ ಬಿಟ್ಟದ್ದು 1932ರಲ್ಲಿ. 65 ಅಶ್ವಶಕ್ತಿ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 106 ಇಂಚು ಅಂತರ, ಕಣ್ಣಿಗೆ ಒಪ್ಪುವ ಮೈಕಟ್ಟು. ಆದರೆ ಕಾರು ನಿಲ್ಲುತ್ತಿದ್ದದ್ದು ಮಾತ್ರ ತುಸು ಎತ್ತರದಲ್ಲಿ. ಅದರ ಹೊಟ್ಟೆಯಡಿ ಕೋಳಿಯೊಂದು ಕೊರಳು ಬಗ್ಗಿಸದೆ ಹಾದುಹೋಗಬಹುದಿತ್ತು. ಇದಕ್ಕೆ ಕಾರಣವಿತ್ತು. ಆಗಿನ ಅಮೆರಿಕದಲ್ಲಿ ಪಟ್ಟಣ ದಾಟಿದರೆ ಸಿಗುತ್ತಿದ್ದದ್ದು ಬಹುಪಾಲು ಮಣ್ಣಿನ ರಸ್ತೆಗಳೇ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾದ ಗಾಡಿಜಾಡು. ತಗ್ಗಿನ ಕಾರು ಅಲ್ಲಿ ಎರಡು ಮೈಲಿ ಹೋಗುವಷ್ಟರಲ್ಲಿ ಹೊಟ್ಟೆ ಉಜ್ಜಿಕೊಂಡು ನಿಲ್ಲುತ್ತಿತ್ತು.

ಅದೇ ಕಾರನ್ನು ಇವತ್ತು ಕ್ಯಾಲಿಫೋರ್ನಿಯಾದ ಹಾಟ್ ರಾಡ್, ಅಂದರೆ ವೇಗಕ್ಕೆಂದು ತಿದ್ದಿ ಕಟ್ಟಿದ ಹಳೆಯ ಕಾರುಗಳ ಮೇಳದಲ್ಲಿ ನೋಡಿದರೆ ಗುರುತು ಸಿಗುವುದು ಕಷ್ಟ. ಮಡ್‌ಗಾರ್ಡುಗಳಿಲ್ಲ, ಎಂಜಿನ್ ಅರ್ಧ ಬಯಲಿಗೆ ಬಿದ್ದಿದೆ, ಮುಂದೆ ಸಣ್ಣ ಟೈರು, ಹಿಂದೆ ದೊಡ್ಡದು. ಎಲ್ಲಕ್ಕಿಂತ ಹೆಚ್ಚಾಗಿ ಮೂತಿ ನೆಲಕ್ಕೆ ಇಳಿದಿದೆ. ನಿಂತಲ್ಲೇ ಓಡುತ್ತಿದೆಯೇನೋ ಅನ್ನಿಸುವ ಆ ಭಂಗಿಗೆ ಬಣ್ಣವಾಗಲಿ ಕ್ರೋಮ್ ಆಗಲಿ ಕಾರಣವಲ್ಲ. ಕಾರಣ ಹೆಚ್ಚೆಂದರೆ ನಾಲ್ಕು ಇಂಚು.

ನಾಲ್ಕು ಇಂಚು ತಗ್ಗಿಸುವುದು ಯಾವ ಮಹಾ ಕೆಲಸ, ಕಮಾನಿನ ಮೂರು ಪಟ್ಟಿ ಕಿತ್ತೆಸೆದರೆ ಮುಗಿಯಿತು ಎನ್ನುವವರು ಎಲ್ಲ ಊರಿನ ಗ್ಯಾರೇಜುಗಳಲ್ಲೂ ಇದ್ದಾರೆ. ಆಗ ಕಾರು ತಗ್ಗುತ್ತದೆ, ನಿಜ. ಮೊದಲ ಗುಂಡಿಯಲ್ಲಿ ಬೆನ್ನುಮೂಳೆಯೂ ತಗ್ಗುತ್ತದೆ. ಹಳೆಯ ಕಾಲದ ಹಾಟ್ ರಾಡ್ ಕಟ್ಟುವವರ ಜಾಣ್ಮೆ ಇರುವುದು ಇಲ್ಲಿಯೇ. ಗಾಲಿ ಮೇಲೆ ಕೆಳಗೆ ಆಡುವ ಜಾಗವನ್ನು ಕಿತ್ತುಕೊಳ್ಳದೆ ಅವರು ಕಾರನ್ನು ನೆಲದ ಹತ್ತಿರಕ್ಕೆ ತಂದರು. ಹಾಗೆ ತಂದ ಪ್ರತಿ ಇಂಚಿಗೂ ಕಾರಿನ ಬೇರೆ ಯಾವುದೋ ಭಾಗದಲ್ಲಿ ಬೆಲೆ ತೆತ್ತರು.

ಹೆನ್ರಿ ಫೋರ್ಡರ ಅಡ್ಡ ಕಮಾನು

ನಮ್ಮ ಲಾರಿಗಳಲ್ಲಿ ಕಮಾನುಗಳು ಚಾಸಿಯ ಉದ್ದಕ್ಕೆ, ಪ್ರತಿ ಗಾಲಿಗೊಂದರಂತೆ ಇರುತ್ತವೆ. ಫೋರ್ಡ್ ಕಾರುಗಳಲ್ಲಿ ಹಾಗಿರಲಿಲ್ಲ. 1908ರ ಮಾಡೆಲ್ ಟಿ ಕಾಲದಿಂದಲೂ ಮುಂದೊಂದು, ಹಿಂದೊಂದು, ಒಟ್ಟು ಎರಡೇ ಕಮಾನು, ಅವೂ ಚಾಸಿಗೆ ಅಡ್ಡಲಾಗಿ. ಕಮಾನಿನ ನಡುಭಾಗ ಚಾಸಿಯ ಅಡ್ಡಪಟ್ಟಿಗೆ ಯು-ಬೋಲ್ಟುಗಳಿಂದ ಬಿಗಿಯಾಗಿರುತ್ತದೆ. ಅದರ ಎರಡು ತುದಿಗಳು ಶಾಕಲ್ ಎಂಬ ಸಣ್ಣ ಕೊಂಡಿಗಳ ಮೂಲಕ ಆಕ್ಸಲ್‌ನ ಎರಡು ಬದಿಗೆ ನೇತುಬಿದ್ದಿರುತ್ತವೆ. ಮುಂದಿನ ಆಕ್ಸಲ್ ಒಂದೇ ತುಂಡಿನ ಐ-ಆಕಾರದ ಉಕ್ಕಿನ ತೊಲೆ. ಬ್ರೇಕ್ ಹಾಕಿದಾಗ ಅದು ಮಗುಚದಂತೆ ತಡೆಯಲು ವಿಶ್‌ಬೋನ್ ಎನ್ನುವ ಎರಡು ಕವಲಿನ ಸರಳಿದೆ. ಕವಲಿನ ಎರಡು ತುದಿ ಆಕ್ಸಲ್‌ಗೆ, ಕವಲು ಕೂಡುವ ಒಂದು ತುದಿ ಗೇರ್‌ಬಾಕ್ಸಿನ ಅಡಿ ಗುಂಡಿನಾಕಾರದ ಕೀಲಿಗೆ.

ಈ ಏರ್ಪಾಡಿನ ಹಿಂದೆ ಒಂದು ಸರಳ ತರ್ಕವಿದೆ. ಎರಡು ಕಮಾನು, ಎರಡು ಕವಲು ಸರಳು, ಇಷ್ಟೇ. ಎಡಗಾಲಿ ಗುಂಡಿಗೆ ಬಿದ್ದು ಬಲಗಾಲಿ ದಿಬ್ಬ ಹತ್ತಿದರೂ ಚಾಸಿ ತಿರುಚಿಕೊಳ್ಳುವುದಿಲ್ಲ. ಕಡಿಮೆ ಖರ್ಚು, ಕಡಿಮೆ ತೂಕ, ಕಡಿಮೆ ರಿಪೇರಿ. ಉಳಿದ ಕಂಪನಿಗಳು ಹೊಸ ಹೊಸ ವಿಧಾನಕ್ಕೆ ಹೋದರೂ ಹೆನ್ರಿ ಫೋರ್ಡ್ ಹಟ ಬಿಡಲಿಲ್ಲ. 1948ರ ಮಾಡೆಲಿನವರೆಗೂ ಅಡ್ಡ ಕಮಾನೇ ನಡೆಯಿತು. ಅವರು ತೀರಿಕೊಂಡದ್ದು 1947ರಲ್ಲಿ. ಮುಂದಿನ ಗಾಲಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಆಡುವ, ಸುರುಳಿ ಸ್ಪ್ರಿಂಗಿನ ಫೋರ್ಡ್ ಬಂದದ್ದು 1949ರ ಮಾಡೆಲಿನಲ್ಲಿ. ಮುದುಕನ ಹಟದಿಂದ ಹಾಟ್ ರಾಡ್ ಹುಡುಗರಿಗೆ ಲಾಭವೇ ಆಯಿತು. 1928ರ ಕಾರಿನ ಭಾಗ 1940ರ ಕಾರಿಗೆ, 1940ರ ಭಾಗ 1932ರ ಕಾರಿಗೆ ಸ್ವಲ್ಪ ತಿದ್ದಿದರೆ ಕೂರುತ್ತಿತ್ತು. ಗುಜರಿಯಲ್ಲಿ ಕೆಲವು ಡಾಲರಿಗೆ ಸಿಗುತ್ತಿದ್ದ ಸಾಮಾನುಗಳಿಂದ ಇಡೀ ಕಾರು ಕಟ್ಟಬಹುದಿತ್ತು. ಕೇಬಲ್ಲೋ ಸರಳೋ ಎಳೆಯುವ ಹಳೆಯ ಬ್ರೇಕು ಬಿಸಾಕಿ 1939ರಲ್ಲಿ ಬಂದ ಹೈಡ್ರಾಲಿಕ್ ಬ್ರೇಕ್ ಹಾಕುವುದು ಅವರು ಮೊದಲು ಮಾಡುತ್ತಿದ್ದ ಕೆಲಸಗಳಲ್ಲೊಂದು. ನಿಲ್ಲಿಸಲು ಬಾರದ ಕಾರನ್ನು ಜೋರಾಗಿ ಓಡಿಸಬಾರದು ಎನ್ನುವಷ್ಟು ಬುದ್ಧಿ ಅವರಿಗಿತ್ತು.

ಒಣಕೆರೆಯ ಮೇಲೆ

ಈ ಗೀಳು ಹುಟ್ಟಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಮೊಹಾವಿ ಮರುಭೂಮಿಯ ಒಣಕೆರೆಗಳಲ್ಲಿ. ನೀರು ಬತ್ತಿ ಹಲಗೆಯಂತೆ ಗಟ್ಟಿಯಾದ, ಮೈಲಿಗಟ್ಟಲೆ ಸಮತಟ್ಟಾದ ನೆಲ. ಮ್ಯೂರಾಕ್ ಎಂಬ ಒಣಕೆರೆಯಲ್ಲಿ ವಾರಾಂತ್ಯಕ್ಕೆ ಹುಡುಗರು ಕಾರು ತಂದು ವೇಗ ಅಳೆಸಿಕೊಳ್ಳುತ್ತಿದ್ದರು. ಹತ್ತಾರು ಕಾರು ಒಟ್ಟಿಗೆ ಧೂಳೆಬ್ಬಿಸಿ ಓಡುವ ಅಪಾಯ ಕಂಡು, ಕ್ಲಬ್ಬುಗಳೆಲ್ಲ ಸೇರಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿಕೊಂಡವು. ಎರಡನೇ ಮಹಾಯುದ್ಧದ ಕಾಲದಲ್ಲಿ ಮ್ಯೂರಾಕ್ ಸೇನೆಯ ಪಾಲಾಯಿತು. ಇಂದಿನ ಎಡ್ವರ್ಡ್ಸ್ ವಾಯುನೆಲೆ ಇರುವುದು ಅಲ್ಲಿಯೇ. ಹುಡುಗರು ಎಲ್ ಮಿರಾಜ್ ಒಣಕೆರೆಗೆ ಹೋದರು. ಯುದ್ಧ ಮುಗಿಸಿ ಬಂದವರ ಕೈಯಲ್ಲಿ ಕಾಸೂ ಇತ್ತು, ಸೇನೆಯಲ್ಲಿ ಕಲಿತ ವೆಲ್ಡಿಂಗು, ಲೇತು ಕೆಲಸವೂ ಇತ್ತು. 1948ರ ಜನವರಿಯಲ್ಲಿ ಹಾಟ್ ರಾಡ್ ಪತ್ರಿಕೆ ಶುರುವಾಯಿತು. 1949ರಲ್ಲಿ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪುಬಯಲಿನಲ್ಲಿ ಸಂಘದ ಮೊದಲ ವೇಗದ ಸಪ್ತಾಹ ನಡೆಯಿತು.

ಅಲ್ಲಿ ಕೆಸರಿನ ಗೊಡವೆಯಿಲ್ಲ, ಗಾಡಿಜಾಡಿಲ್ಲ. ಎತ್ತರ ಇಟ್ಟುಕೊಂಡು ಮಾಡುವುದೇನು? ಕಾರಿನಡಿ ನುಗ್ಗುವ ಗಾಳಿ ಆಕ್ಸಲ್ಲು, ಸರಳು, ಗೇರ್‌ಬಾಕ್ಸುಗಳಿಗೆ ಬಡಿದು ವೇಗ ತಿನ್ನುತ್ತದೆ. ಕಾರು ತಗ್ಗಿದರೆ ಗಾಳಿಗೆ ಎದುರಾಗುವ ಮೈಯೂ ಕಡಿಮೆ.

ಊರೊಳಗಿನ ತಿರುವುಗಳಲ್ಲಿ ಲಾಭ ಬೇರೆ ಬಗೆಯದು. ಕಾರು ಎಡಕ್ಕೆ ತಿರುಗಿದಾಗ ಭಾರ ಬಲಗಾಲಿಗಳ ಮೇಲೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎನ್ನುವುದು ಗುರುತ್ವಕೇಂದ್ರದ ಎತ್ತರವನ್ನು ಗಾಲಿಗಳ ನಡುವಿನ ಅಗಲದಿಂದ ಭಾಗಿಸಿ, ತಿರುವಿನ ಎಳೆತದಿಂದ ಗುಣಿಸಿದರೆ ಸಿಗುತ್ತದೆ. ಉದಾಹರಣೆಗೆ, ಅಗಲ 56 ಇಂಚು, ಗುರುತ್ವಕೇಂದ್ರದ ಎತ್ತರ 24 ಇಂಚು ಎಂದು ಇಟ್ಟುಕೊಳ್ಳೋಣ. ತಿರುವಿನ ಎಳೆತ ಗುರುತ್ವದ ಅರ್ಧದಷ್ಟಿದ್ದರೆ ಕಾರಿನ ತೂಕದ ನೂರಕ್ಕೆ 21 ಪಾಲು ಹೊರಗಿನ ಗಾಲಿಗಳಿಗೆ ಹೋಗುತ್ತದೆ. ಅದೇ ಎತ್ತರವನ್ನು 20 ಇಂಚಿಗೆ ತಂದರೆ ಆ ಪಾಲು 18ಕ್ಕೆ ಇಳಿಯುತ್ತದೆ. ಒಳಗಾಲಿಗೆ ಹಿಡಿತ ಉಳಿಯುತ್ತದೆ, ಕಾರು ವಾಲುವುದು ಕಡಿಮೆಯಾಗುತ್ತದೆ. ಆದರೆ ಚಾಸಿ ನಾಲ್ಕು ಇಂಚು ಇಳಿದರೆ ಗುರುತ್ವಕೇಂದ್ರ ಪೂರ್ತಿ ನಾಲ್ಕು ಇಂಚು ಇಳಿಯುವುದಿಲ್ಲ. ಗಾಲಿ, ಬ್ರೇಕು, ಹಿಂದಿನ ಡಿಫರೆನ್ಷಿಯಲ್ ಇದ್ದ ಎತ್ತರದಲ್ಲೇ ಇರುತ್ತವಲ್ಲ.

ಇನ್ನು, ಚಂದ ಕಾಣಲಿ ಅಂತಲೇ ತಗ್ಗಿಸಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಅದನ್ನು ಒಪ್ಪಿಕೊಳ್ಳಲು ಅವರಿಗೇ ಸಂಕೋಚವಿಲ್ಲದ ಮೇಲೆ ನಾವು ಭೌತಶಾಸ್ತ್ರದ ಹೆಸರಿನಲ್ಲಿ ಮುಚ್ಚಿಡುವುದೇಕೆ?

ಮೊದಲ ಒಂದೂವರೆ ಇಂಚು ಪುಕ್ಕಟೆ

ಟೈರಿನಿಂದ ಶುರುಮಾಡಬೇಕು. 1928ರ ಮಾಡೆಲ್ ಎ ಕಾರಿಗೆ ಇದ್ದದ್ದು 21 ಇಂಚಿನ ಗಾಲಿ, ಅದಕ್ಕೆ ನಾಲ್ಕೂವರೆ ಇಂಚಿನ ಟೈರು. ಗಾಲಿಯ ಮೇಲೊಮ್ಮೆ, ಕೆಳಗೊಮ್ಮೆ ಟೈರಿನ ದಪ್ಪ ಕೂಡಿದರೆ ಒಟ್ಟು ಸುಮಾರು 30 ಇಂಚು ಎತ್ತರ. 1935ರಲ್ಲಿ ಫೋರ್ಡ್ 16 ಇಂಚಿನ ಗಾಲಿ ತಂದಿತು. ಅದಕ್ಕೆ ಐದೂವರೆ ಇಂಚಿನ ಟೈರು ಹಾಕಿದರೆ 27 ಇಂಚು. ಆಕ್ಸಲ್ ನಿಲ್ಲುವುದು ಇದರ ಅರ್ಧ ಎತ್ತರದಲ್ಲಿ. ಅಲ್ಲಿಗೆ ಒಂದು ಬೋಲ್ಟನ್ನೂ ಸಡಿಲಿಸದೆ ಒಂದೂವರೆ ಇಂಚು ಇಳಿದಂತಾಯಿತು. ಹಿಂದಕ್ಕೆ ಅದೇ 16ರ ಗಾಲಿಗೆ ಏಳೂವರೆ ಇಂಚಿನ ದಪ್ಪ ಟೈರು ಹಾಕಿದರೆ 31 ಇಂಚು. ಮೂತಿ ಇಳಿದು ಬೆನ್ನು ಏರಿತು. ಹಾಟ್ ರಾಡ್‌ನ ಭಂಗಿಯ ಅರ್ಧ ಗುಟ್ಟು ಈ ದೊಡ್ಡ-ಚಿಕ್ಕ ಟೈರುಗಳದ್ದೇ. ದೊಡ್ಡ ಹಿಂಗಾಲಿಗೆ ಉಪಯೋಗವೂ ಇತ್ತು. ಎಂಜಿನ್ ಅಷ್ಟೇ ಸುತ್ತು ತಿರುಗಿದರೂ ಕಾರು ಹೆಚ್ಚು ದೂರ ಹೋಗುತ್ತದೆ, ಒಣಕೆರೆಯ ಉದ್ದ ಓಟಕ್ಕೆ ಅದೇ ಬೇಕಾದದ್ದು.

ಕುಲುಮೆಯಲ್ಲಿ ಬಗ್ಗಿದ ಆಕ್ಸಲ್

ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಮುಂದಿನ ಆಕ್ಸಲ್ಲನ್ನು. ಕಾರ್ಖಾನೆಯಿಂದ ಬಂದ ಆಕ್ಸಲ್‌ನಲ್ಲೂ ತುದಿಗಳು ನಡುಭಾಗಕ್ಕಿಂತ ಸ್ವಲ್ಪ ಮೇಲಕ್ಕಿರುತ್ತವೆ. ತುದಿಯಲ್ಲಿ, ಗಾಲಿ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಎಂಬ ಗೂಟ ತೂರುವ ದಪ್ಪ ಉಂಗುರ, ಅದಕ್ಕೆ ಸಿಕ್ಕಿಸಿದ ಸ್ಪಿಂಡಲ್, ಸ್ಪಿಂಡಲ್‌ಗೆ ಗಾಲಿ. ಆ ಉಂಗುರಗಳನ್ನು ಇನ್ನೂ ಎರಡೂವರೆಯಿಂದ ನಾಲ್ಕು ಇಂಚು ಮೇಲಕ್ಕೆತ್ತಿದರೆ? ಗಾಲಿಯ ಎತ್ತರ ನೆಲದಿಂದ ನಿಗದಿಯಾಗಿರುವುದರಿಂದ ತುದಿ ಮೇಲೇರಲು ಸಾಧ್ಯವಿಲ್ಲ, ನಡುಭಾಗವೇ ಕೆಳಗಿಳಿಯಬೇಕು. ಆಕ್ಸಲ್ ಜೋಕಾಲಿಯ ಮಣೆಯ ಹಾಗೆ ಎರಡು ಗಾಲಿಗಳ ನಡುವೆ ತಗ್ಗಾಗಿ ತೂಗುತ್ತದೆ. ಅದರ ಮೇಲೆ ಕೂತ ಕಮಾನು, ಕಮಾನಿನ ಮೇಲೆ ಕೂತ ಚಾಸಿ ಎಲ್ಲವೂ ಅಷ್ಟೇ ಇಳಿಯುತ್ತವೆ.

ಇದರ ಸೊಗಸು ಗಮನಿಸಿ. ಆಕ್ಸಲ್‌ಗೂ ಚಾಸಿಗೂ ಇರುವ ಅಂತರ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಮೊದಲು ಮೂರು ಇಂಚು ಆಡುತ್ತಿದ್ದ ಆಕ್ಸಲ್ ಈಗಲೂ ಮೂರು ಇಂಚು ಆಡುತ್ತದೆ. ಕಮಾನಿನ ಮೃದುತ್ವ ಅದೇ. ಕೂತವನಿಗೆ ಗುಂಡಿಯ ಹೊಡೆತವೂ ಮೊದಲಿನಷ್ಟೇ. ಕಾರು ತಗ್ಗಿಸುವ ನೂರು ಉಪಾಯಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಕೆಲಸದಲ್ಲಿ ದೊಡ್ಡ ಹೆಸರು ಸ್ಯಾನ್ ಡಿಯಾಗೋದ ಎಡ್ ಸ್ಟೀವರ್ಟ್. ಆ ಊರಿನ ಸುತ್ತ ಅವರಿಗೆ ಆಕ್ಸಲ್ ಎಂದೇ ಅಡ್ಡಹೆಸರು. ಹುಡುಗರು ಹಳೆಯ ಫೋರ್ಡ್ ಆಕ್ಸಲ್ಲನ್ನು ಹೊತ್ತು ತರುವುದು, ಅದು ತುದಿಯಲ್ಲಿ ಕೆಂಪಗೆ ಕಾದು ಬಗ್ಗಿ, ಎಳೆಸಿಕೊಂಡು ಹೊರಬರುವುದು. ಕೆಲಸ ಪಕ್ಕಾ ಕಮ್ಮಾರಿಕೆ. ಉಕ್ಕು ಕೆಂಡದ ಬಣ್ಣಕ್ಕೆ ಬಂದಾಗ ಮೆತ್ತಗಾಗುತ್ತದೆ. ಆಗ ತುದಿಯ ಉಂಗುರವನ್ನು ಹಿಡಿದು ಮೇಲಕ್ಕೆ ಎಳೆಯಬೇಕು. ಎಳೆದಲ್ಲಿ ಉಕ್ಕು ಹಿಗ್ಗಿ ತೆಳುವಾಗುತ್ತದೆ. ಐ-ಆಕಾರದ ನಡುವಿನ ಗೋಡೆ ಸೊರಗಿ, ತಿರುವಿನಲ್ಲಿ ಆಕ್ಸಲ್‌ನ ಮೈ ಹಂಸದ ಕೊರಳಿನಷ್ಟು ಸಣ್ಣಗಾಗುತ್ತದೆ. ಬಲ್ಲವರು ಆ ತಿರುವನ್ನು ನೋಡಿಯೇ ಇದು ಹಳೆಯ ಆಕ್ಸಲ್ಲನ್ನು ಎಳೆದದ್ದೋ ಹೊಸದಾಗಿ ಅಚ್ಚು ಹೊಯ್ದದ್ದೋ ಹೇಳಿಬಿಡುತ್ತಾರೆ. ಎಳೆದ ಮೇಲೆ ಎರಡು ಕಿಂಗ್‌ಪಿನ್‌ಗಳ ವಾಲು ಮೊದಲಿದ್ದ ಕೋನಕ್ಕೇ ಬಂದಿದೆಯೇ, ಎಡ-ಬಲ ತುದಿಗಳು ಒಂದೇ ಎತ್ತರದಲ್ಲಿವೆಯೇ ಎಂದು ಅಳೆದು ತಿದ್ದಬೇಕು. ಮೈಮೇಲೆ ಕಾಣದ ಕೂದಲು ಬಿರುಕಿದೆಯೇ ಎಂದು ತಿಳಿಯಲು ಕಾಂತದ ಪರೀಕ್ಷೆ ಇದೆ. ಉಕ್ಕಿಗೆ ಕಾಂತಶಕ್ತಿ ಹರಿಸಿ ಕಬ್ಬಿಣದ ನುಣ್ಣನೆ ಪುಡಿ ಉದುರಿಸಿದರೆ ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ನಿಲ್ಲುತ್ತದೆ. ಒಂದು ಗೆರೆ ಕಂಡರೂ ಆ ಆಕ್ಸಲ್ಲನ್ನು ಗೋಡೆಗೆ ನೇತುಹಾಕುವುದೇ ಸರಿ.

ಇನ್ನೊಂದು ಮಾತು. ಈ ಕಾರುಗಳಿಗೆ ಮಡ್‌ಗಾರ್ಡ್ ಇಲ್ಲದ್ದರಿಂದ ಮುಂದಿನ ಆಕ್ಸಲ್ ರೇಡಿಯೇಟರಿನ ಅಡಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಬೇರೆ ಯಾವ ಕಾರಿನಲ್ಲೂ ಆಕ್ಸಲ್‌ಗೆ ಇಷ್ಟು ಮರ್ಯಾದೆ ಸಿಕ್ಕಿಲ್ಲ. ಕೆಲವರು ಅದಕ್ಕೆ ಸಾಲಾಗಿ ತೂತು ಕೊರೆಸಿ ಕ್ರೋಮ್ ಬಳಿಸುತ್ತಾರೆ. ತೂತಿನಿಂದ ತೂಕ ಇಳಿಯುವುದು ಅಷ್ಟರಲ್ಲೇ ಇದೆ. ಅದು ಒಡವೆ, ಒಡವೆ ಎಂದೇ ನೋಡಬೇಕು.

ಸ್ಟೀರಿಂಗ್ ಕೇಳುವ ಬೆಲೆ

ಆಕ್ಸಲ್ ಬದಲಾಯಿಸಿ ಗಾಲಿ ಹಾಕಿ ಸ್ಟೀರಿಂಗ್ ತಿರುಗಿಸಿದರೆ ಎಲ್ಲೋ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಎರಡು ಗಾಲಿಗಳನ್ನು ಜೋಡಿಸುವ ಟೈ ರಾಡ್ ಮೊದಲು ವಿಶ್‌ಬೋನಿನ ಅಡಿಯಲ್ಲಿ ಹಾದುಹೋಗುತ್ತಿತ್ತು. ಈಗ ಆಕ್ಸಲ್ ಜೊತೆ ಇಳಿದ ವಿಶ್‌ಬೋನಿಗೆ ಹೋಲಿಸಿದರೆ ಸ್ಪಿಂಡಲ್ ಮೇಲೇರಿದೆ, ಅದರ ಜೊತೆಗೆ ಟೈ ರಾಡೂ ಏರಿ ವಿಶ್‌ಬೋನಿಗೆ ಬಡಿಯುತ್ತಿದೆ. ಪರಿಹಾರವೆಂದರೆ ಸ್ಪಿಂಡಲ್‌ನಿಂದ ಹಿಂದಕ್ಕೆ ಚಾಚಿದ ಸ್ಟೀರಿಂಗ್ ತೋಳುಗಳನ್ನೂ ಕಾಯಿಸಿ ಕೆಳಕ್ಕೆ ಬಗ್ಗಿಸುವುದು. ಮತ್ತೆ ಕುಲುಮೆ, ಮತ್ತೆ ಪರೀಕ್ಷೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಕಿಂಗ್‌ಪಿನ್ ನೆಟ್ಟಗೆ ನಿಲ್ಲದೆ ಮೇಲ್ತುದಿ ಕೆಲವು ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಇದನ್ನು ಕ್ಯಾಸ್ಟರ್ ಎನ್ನುತ್ತಾರೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು, ವೇಗದಲ್ಲಿ ಕಾರು ಅತ್ತಿತ್ತ ಅಲೆಯದೆ ಹೋಗುವುದು ಇದರಿಂದಲೇ. ಈಗ ಹಿಂಭಾಗ ಇದ್ದಲ್ಲೇ ಬಿಟ್ಟು ಮುಂಭಾಗ ಮಾತ್ರ ನಾಲ್ಕು ಇಂಚು ಇಳಿಸಿದಿರಿ. 106 ಇಂಚಿನ ಗಾಲಿ ಅಂತರಕ್ಕೆ ನಾಲ್ಕು ಇಂಚಿನ ಇಳಿಜಾರು ಅಂದರೆ ಎರಡು ಡಿಗ್ರಿಗೂ ಸ್ವಲ್ಪ ಹೆಚ್ಚು. ಇಡೀ ಕಾರು ಮುಂದಕ್ಕೆ ಬಾಗಿದ್ದರಿಂದ ಕಿಂಗ್‌ಪಿನ್‌ನ ಹಿಂದಿನ ವಾಲು ಅಷ್ಟೇ ಕಳೆದುಹೋಯಿತು. ನಿಂತ ಕಾರಿನಲ್ಲಿ ಇದು ಗೊತ್ತಾಗುವುದಿಲ್ಲ. ಹೆದ್ದಾರಿಯಲ್ಲಿ ಸಣ್ಣ ಉಬ್ಬಿಗೆ ಮುಂದಿನ ಗಾಲಿಗಳು ಎಡಬಲಕ್ಕೆ ಪಟಪಟ ಬಡಿದುಕೊಳ್ಳಲು ಶುರುಮಾಡಿದಾಗ, ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಅದುರಿದಾಗ ಗೊತ್ತಾಗುತ್ತದೆ. ಹಾಗಾಗಿ ತಗ್ಗಿಸಿದ ಮೇಲೆ ಕ್ಯಾಸ್ಟರ್ ಮತ್ತೆ ಅಳೆದು, ವಿಶ್‌ಬೋನಿನ ಹಿಂತುದಿಯನ್ನು ಕೆಳಗಿಳಿಸಿಯೋ ಬೇರೆ ರೀತಿಯಲ್ಲೋ ಐದರಿಂದ ಏಳು ಡಿಗ್ರಿಗೆ ತಂದುಕೊಳ್ಳಬೇಕು.

ವಿಶ್‌ಬೋನಿನ ವಿಷಯದಲ್ಲಿ ಹಾಟ್ ರಾಡಿನವರೊಳಗೇ ಎರಡು ಪಂಗಡ. ದೊಡ್ಡ ಎಂಜಿನ್ ಕೂರಿಸಿದಾಗ ಅದರ ಆಯಿಲ್ ಪ್ಯಾನಿಗೆ ವಿಶ್‌ಬೋನಿನ ಕವಲು ಅಡ್ಡ ಬರುತ್ತದೆ. ಆಗ ಕವಲನ್ನು ಸೀಳಿ ಎರಡು ಸರಳುಗಳನ್ನೂ ಬೇರೆ ಬೇರೆಯಾಗಿ ಚಾಸಿಯ ಎರಡು ಬದಿಗೆ ಕಟ್ಟುವುದು ವಾಡಿಕೆ. ನೋಡಲು ಚೆನ್ನ. ಆದರೆ ಮೊದಲು ಒಂದೇ ಕೀಲಿನ ಸುತ್ತ ಆಡುತ್ತಿದ್ದ ಆಕ್ಸಲ್ ಈಗ ಎರಡು ಕೀಲುಗಳ ನಡುವೆ ಸಿಕ್ಕಿಕೊಂಡಿತು. ಒಂದು ಗಾಲಿ ಮಾತ್ರ ದಿಬ್ಬ ಹತ್ತಿದರೆ ಆಕ್ಸಲ್ ತಿರುಚಿಕೊಳ್ಳಲೇಬೇಕು. ಐ-ಆಕಾರದ ಫೋರ್ಡ್ ಆಕ್ಸಲ್ ಸ್ವಲ್ಪ ತಿರುಚಿಕೊಂಡು ಸಹಿಸುತ್ತದೆ. ಅದರ ಜಾಗದಲ್ಲಿ ದುಂಡು ಪೈಪಿನ ಆಕ್ಸಲ್ ಹಾಕಿದವರಿಗೆ ಆ ಸಹನೆ ಸಿಗುವುದಿಲ್ಲ, ಪೈಪು ತಿರುಚಿಕೊಳ್ಳುವ ವಸ್ತುವಲ್ಲ. ತಿರುಚುವ ಬಲವೆಲ್ಲ ಹೋಗಿ ಸರಳು ಕಟ್ಟಿದ ಜಾಗದ ಮೇಲೆ ಬೀಳುತ್ತದೆ, ಒಂದು ದಿನ ಬೆಸುಗೆ ಬಾಯಿಬಿಡುತ್ತದೆ. ಪೈಪಿನ ಆಕ್ಸಲ್ ಬೇಕೇ ಬೇಕೆಂದರೆ ಸರಳಿನ ಏರ್ಪಾಡನ್ನೂ ಬದಲಿಸಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟ ಕಾರುಗಳೇ ಹೆಚ್ಚು ತೊಂದರೆ ಕೊಡುವುದು.

ಕಮಾನಿನ ಕರಾಮತ್ತು

ಆಕ್ಸಲ್ ಆದ ಮೇಲೂ ಒಂದಿಂಚು ಬೇಕೆನ್ನುವವರು ಕಮಾನಿಗೆ ಕೈಹಾಕುತ್ತಾರೆ. ಕಮಾನಿನ ಮುಖ್ಯ ಪಟ್ಟಿಯ ಎರಡು ತುದಿಗಳನ್ನು ಸುರುಳಿ ಸುತ್ತಿ ಕಣ್ಣು ಮಾಡಿರುತ್ತಾರೆ, ಶಾಕಲ್ ಸಿಕ್ಕುವುದು ಆ ಕಣ್ಣಿಗೆ. ಕಾರ್ಖಾನೆಯ ಪಟ್ಟಿಯಲ್ಲಿ ಕಣ್ಣು ಪಟ್ಟಿಯ ಅಡಿಗೆ ಸುತ್ತಿರುತ್ತದೆ. ಅದನ್ನು ಮೇಲಕ್ಕೆ ಸುತ್ತಿದ ಹೊಸ ಪಟ್ಟಿ ಮಾಡಿಸಿದರೆ, ಕಣ್ಣು ಇದ್ದ ಎತ್ತರದಲ್ಲೇ ಇದ್ದು ಪಟ್ಟಿ ಕಣ್ಣಿನ ಕೆಳಗೆ ಬರುತ್ತದೆ. ಒಂದರಿಂದ ಒಂದೂವರೆ ಇಂಚು ಲಾಭ, ಕಮಾನಿನ ಬಿಗಿಗೆ ಏನೂ ಆಗುವುದಿಲ್ಲ. ಒಳ್ಳೆಯ ಉಪಾಯ. ಆದರೆ ಇಲ್ಲಿ ಚಾಸಿ ಆಕ್ಸಲ್‌ನ ಹತ್ತಿರಕ್ಕೆ ಬಂತು ಎನ್ನುವುದನ್ನು ಮರೆಯಬಾರದು, ಆಡುವ ಜಾಗದಿಂದಲೇ ಈ ಒಂದಿಂಚು ಹೋಯಿತು.

ಪಟ್ಟಿ ಕೀಳುವುದು ಪೂರ್ತಿ ತಪ್ಪು ಎಂದು ನಾನು ಹೇಳುತ್ತಿಲ್ಲ. ಮಡ್‌ಗಾರ್ಡು, ಬಂಪರು, ಫುಟ್‌ಬೋರ್ಡು ಎಲ್ಲ ಕಳಚಿದ ಕಾರು ಹಗುರಾಗಿರುತ್ತದೆ, ಅದಕ್ಕೆ ಕಾರ್ಖಾನೆ ಕೊಟ್ಟಷ್ಟು ಪಟ್ಟಿ ಬೇಕಿಲ್ಲ. ಒಂದೆರಡು ತೆಗೆದರೆ ಕಾರು ಮೆತ್ತಗೆ ಓಡುತ್ತದೆ. ಎತ್ತರ ಇಳಿಸಲೆಂದೇ ಒಂದರ ಮೇಲೊಂದು ಕಿತ್ತರೆ ಕಮಾನು ಸಪಾಟಾಗಿ, ಪ್ರತಿ ಉಬ್ಬಿಗೂ ಆಕ್ಸಲ್ ಚಾಸಿಗೆ ಗುದ್ದುತ್ತದೆ. ಅದಕ್ಕಿಂತ ಕೆಟ್ಟದ್ದು ಗ್ಯಾಸ್ ಟಾರ್ಚಿನಿಂದ ಕಮಾನಿನ ನಡುವೆ ಕಾಯಿಸಿ ಕುಸಿಯುವಂತೆ ಮಾಡುವುದು. ಕಮಾನಿನ ಉಕ್ಕಿಗೆ ಪುಟಿಯುವ ಗುಣ ಬಂದಿರುವುದು ಅದನ್ನು ಹದವಾಗಿ ಕಾಯಿಸಿ, ಹದವಾಗಿ ತಣಿಸಿದ್ದರಿಂದ. ಟಾರ್ಚ್ ತಾಗಿದಲ್ಲಿ ಆ ಹದ ಸತ್ತಿರುತ್ತದೆ. ಇವತ್ತು ಬೇಕಾದ ಎತ್ತರಕ್ಕೆ ನಿಂತದ್ದು ನಾಳೆ ಇನ್ನಷ್ಟು ಕುಸಿಯುತ್ತದೆ, ಇಲ್ಲವೇ ಅಲ್ಲಿಯೇ ಮುರಿಯುತ್ತದೆ. ಉದ್ದನೆಯ ಶಾಕಲ್ ಹಾಕಿ ಇಳಿಸುವವರೂ ಇದ್ದಾರೆ. ಕಾರು ತಿರುವಿನಲ್ಲಿ ಶಾಕಲ್ ಮೇಲೆ ತೂಗಾಡುತ್ತದೆ. ಭಾರ ಬಿದ್ದಾಗ ಶಾಕಲ್ ಸುಮಾರು 45 ಡಿಗ್ರಿಯಲ್ಲಿ ನಿಲ್ಲಬೇಕು ಎನ್ನುವುದು ಬಲ್ಲವರ ಲೆಕ್ಕ. ನೆಟ್ಟಗಾದರೆ ತೂಗಾಟ, ಮಲಗಿಬಿಟ್ಟರೆ ಕಮಾನೇ ಆಡುವುದಿಲ್ಲ.

ಎತ್ತರವನ್ನು ಖಾಲಿ ಚಾಸಿಯ ಮೇಲೆ ಅಳೆದು ನಿರ್ಧರಿಸುವುದು ಹೊಸಬರು ಮಾಡುವ ಕೆಲಸ. ಎಂಜಿನ್ ಕೂತು, ರೇಡಿಯೇಟರಿಗೆ ನೀರು, ಟ್ಯಾಂಕಿಗೆ ಪೆಟ್ರೋಲು ಬಿದ್ದು, ಇಬ್ಬರು ಒಳಗೆ ಕೂತು, ಕಾರು ಒಂದಷ್ಟು ದೂರ ಓಡಿ ಕಮಾನು ಕುದುರಿಕೊಂಡ ಮೇಲೆ ಸಿಗುವುದೇ ನಿಜವಾದ ಎತ್ತರ.

ಹಿಂಭಾಗ ಮತ್ತು ಗರಗಸ

ಹಿಂಭಾಗ ತಗ್ಗಿಸುವುದು ಬೇರೆಯೇ ಕಥೆ. ಹಿಂದಿನ ಆಕ್ಸಲ್ ಒಳಗೆ ಗೇರುಗಳಿವೆ, ತಿರುಗುವ ಶಾಫ್ಟುಗಳಿವೆ, ಅದನ್ನು ಕಾಯಿಸಿ ಬಗ್ಗಿಸಲಾಗದು. ಮಾಡೆಲ್ ಎ ಕಾರಿನಲ್ಲಿ ಹಿಂದಿನ ಕಮಾನು ಡಿಫರೆನ್ಷಿಯಲ್‌ನ ನೆತ್ತಿಯ ಮೇಲೆಯೇ ಎತ್ತರವಾಗಿ ಬಾಗಿ ಕೂತಿರುತ್ತದೆ. 1932ರಲ್ಲಿ ಫೋರ್ಡ್ ಅದನ್ನು ಆಕ್ಸಲ್‌ನ ಹಿಂದಕ್ಕೆ ಸರಿಸಿತು. ಸಪಾಟಾದ ಕಮಾನು, ಮೇಲಕ್ಕೇರಿಸಿದ ಅಡ್ಡಪಟ್ಟಿ ಇವುಗಳಿಂದ ಒಂದೆರಡು ಇಂಚು ಗಿಟ್ಟುತ್ತದೆ. ಇನ್ನೂ ಬೇಕೆಂದರೆ ಗರಗಸವೇ ಗತಿ. ಸೀಟಿನ ಹಿಂದೆ ಚಾಸಿಯ ಎರಡು ತೊಲೆಗಳನ್ನೂ ಕತ್ತರಿಸಿ, ಹಿಂದಿನ ತುಂಡನ್ನು ಕೆಲವು ಇಂಚು ಮೇಲೆತ್ತಿ, ನಡುವೆ ಉಕ್ಕಿನ ಹಲಗೆ ಕೊಟ್ಟು ಬೆಸೆಯುವುದು. ಪಕ್ಕದಿಂದ ನೋಡಿದರೆ ಚಾಸಿ ಮೆಟ್ಟಿಲು ಹತ್ತಿದಂತೆ ಕಾಣುತ್ತದೆ. ತತ್ತ್ವ ಮುಂದಿನ ಆಕ್ಸಲ್‌ನದ್ದೇ: ಕಮಾನು ಆಡುವ ಜಾಗ ಮುಟ್ಟದೆ ಚಾಸಿಯನ್ನು ಇಳಿಸುವುದು. ಆದರೆ ಮೇಲಕ್ಕೆದ್ದ ಚಾಸಿ ಬಾಡಿಯ ನೆಲವನ್ನು ನುಂಗುತ್ತದೆ, ಡಿಕ್ಕಿಯ ತಳ ಎತ್ತಬೇಕು, ಪೆಟ್ರೋಲ್ ಟ್ಯಾಂಕಿಗೆ ಬೇರೆ ಜಾಗ ಹುಡುಕಬೇಕು. ಬೆಸುಗೆ ಹಾಕುವವನ ಕೈಯಲ್ಲಿ ಜೀವ ಇಟ್ಟಂತೆ.

1932ರ ಕಾರಿಗೆ ಇದನ್ನು ಮಾಡುವುದು ನನಗಂತೂ ಸೇರದು. ಆ ಕಾರಿನ ಚಾಸಿಯ ಪಕ್ಕಗಳು ಬಾಡಿಯ ಕೆಳಗೆ ಹೊರಗೇ ಕಾಣುತ್ತವೆ, ಅವುಗಳ ಮೈಮೇಲೆ ಒಂದು ನವಿರಾದ ಗೆರೆ ಒತ್ತಿದ್ದಾರೆ. ಬಾಡಿಯಷ್ಟೇ ಚಾಸಿಯೂ ಅದರ ಅಂದ. ಮಾಡೆಲ್ ಎ ಚಾಸಿಗೆ ಅಂಥ ಅಂದವಿಲ್ಲ, ಗರಗಸ ಬಿದ್ದರೆ ಅಳುವವರೂ ಕಡಿಮೆ.

ಎಷ್ಟು ತಗ್ಗಿಸಿದರೆ ಸಾಕು ಎನ್ನುವುದಕ್ಕೆ ಒಂದು ಹಳೆಯ ಕಟ್ಟಳೆ ಇದೆ. ನಾಲ್ಕು ಗಾಲಿಗಳ ಕಬ್ಬಿಣದ ರಿಮ್ಮಿನ ಕೆಳ ಅಂಚಿನಿಂದ ಅಂಚಿಗೆ ದಾರ ಹಿಡಿದರೆ ಆ ದಾರದ ಕೆಳಗೆ ಚಾಸಿ, ಸರಳು, ಆಕ್ಸಲ್, ಬೋಲ್ಟು ಯಾವುದೂ ಇಣುಕಬಾರದು. ಟೈರು ಸಿಡಿದು ಕಾರು ರಿಮ್ಮಿನ ಮೇಲೆ ಕೂತಾಗ ನೆಲಕ್ಕೆ ತಾಗುವುದು ರಿಮ್ಮೇ ಆಗಿರಬೇಕು. ಟೈ ರಾಡ್ ಅಥವಾ ಬ್ರೇಕ್ ಪೈಪು ನೆಲಕ್ಕೆ ಸಿಕ್ಕಿದರೆ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ.

ಹಾಟ್ ರಾಡ್ ಲೋಕ ಅತ್ಯಂತ ಮೆಚ್ಚಿದ ಕಾರುಗಳಲ್ಲೊಂದು ಡೋನ್ ಸ್ಪೆನ್ಸರ್ ಅವರ 1932ರ ಕಪ್ಪು ರೋಡ್‌ಸ್ಟರ್. ಮೆಕ್ಸಿಕೋದ ಕರೇರಾ ಪಾನಮೆರಿಕಾನಾ ಎಂಬ ದೂರದ ರೇಸಿನ ಆಸೆಯಿಂದ ಅವರು ಆ ಕಾರನ್ನು ತಿದ್ದುವಾಗ ತಲೆಕೆಡಿಸಿಕೊಂಡದ್ದು ಕಾರಿನಡಿ ಏನೂ ಜೋತುಬೀಳದಂತೆ, ನೆಲದಿಂದ ಅಂತರ ಉಳಿಯುವಂತೆ ಮಾಡುವುದು ಹೇಗೆ ಎಂದು. 1997ರಲ್ಲಿ ಪೆಬಲ್ ಬೀಚಿನ ಶ್ರೀಮಂತರ ಕಾರು ಪ್ರದರ್ಶನ ಮೊದಲ ಬಾರಿಗೆ ಹಾಟ್ ರಾಡುಗಳಿಗೆ ಬಾಗಿಲು ತೆರೆದಾಗ ಆ ವಿಭಾಗದಲ್ಲಿ ಗೆದ್ದದ್ದು ಅದೇ ಕಾರು. ಹೊಟ್ಟೆ ನೆಲಕ್ಕೆ ಉಜ್ಜುವಂತೆ ಇಳಿಸುವುದೇ ಪರಮಗುರಿ ಎನ್ನುವವರು ಇದನ್ನು ಗಮನಿಸಬೇಕು. ಈಗಂತೂ ಗುಂಡಿ ಒತ್ತಿದರೆ ಗಾಳಿ ತುಂಬಿ ಏರುವ, ಗಾಳಿ ಬಿಟ್ಟು ಇಳಿಯುವ ಸಸ್ಪೆನ್ಷನ್ ಬಂದಿದೆ. ಅನುಕೂಲ ನಿಜ, ಆದರೆ 1948ರಲ್ಲಿ ಹೇಗಿತ್ತೋ ಹಾಗೇ ಕಟ್ಟಬೇಕೆನ್ನುವವರು ಅದನ್ನು ಹತ್ತಿರ ಸೇರಿಸುವುದಿಲ್ಲ.

ನಮ್ಮಲ್ಲಿ ಬೇಡ

ಭಾರತಕ್ಕೂ ಈ ಕಾರುಗಳು ಬಂದಿದ್ದವು. ಕೆನಡಾದ ಫೋರ್ಡ್ ಕಂಪನಿಯ ಅಂಗವಾಗಿ 1926ರಲ್ಲಿ ಮುಂಬಯಿಯಲ್ಲಿ ಫೋರ್ಡ್ ಇಂಡಿಯಾ ಶುರುವಾಯಿತು. ಉಳಿದಿರುವ ಒಂದಷ್ಟು ಕಾರುಗಳನ್ನು ಜನ ಜೋಪಾನ ಮಾಡಿಕೊಂಡು ಬಂದಿದ್ದಾರೆ. ಅವುಗಳಲ್ಲೊಂದು ನಿಮ್ಮ ಮನೆಯ ಶೆಡ್ಡಿನಲ್ಲಿದ್ದು, ಇದನ್ನೆಲ್ಲ ಓದಿ ಆಕ್ಸಲ್ ಬಗ್ಗಿಸುವ ಆಸೆ ಹುಟ್ಟಿದ್ದರೆ ತಡೆಯಿರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದೆ. 50 ವರ್ಷ ದಾಟಿದ ವಾಹನಗಳಿಗೆ ವಿಎ ಸರಣಿಯ ವಿಂಟೇಜ್ ನೋಂದಣಿ ಕೊಡುವ 2021ರ ನಿಯಮವೂ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು ಎನ್ನುತ್ತದೆ. ಅಮೆರಿಕದವರಿಗೆ ಬೇರೆ ದಾರಿಯಿದೆ. 1932ರ ಫೋರ್ಡಿನ ಬಾಡಿಯನ್ನೂ ಚಾಸಿಯನ್ನೂ ಹೊಸ ಉಕ್ಕಿನಲ್ಲಿ ಒತ್ತಿ ಮಾರುವ ಕಂಪನಿಗಳು ಅಲ್ಲಿವೆ, ಅದಕ್ಕೆ ಗರಗಸ ಹಾಕಿದರೆ ಇತಿಹಾಸವೇನೂ ಕತ್ತರಿಸಿಹೋಗುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳೋ ನೆಂಟರೋ ಇರುವ ಕನ್ನಡಿಗರು ಬೇಕಾದಷ್ಟು ಜನರಿದ್ದಾರೆ. ಚಳಿಗಾಲದಲ್ಲಿ ಅಲ್ಲಿಗೆ ಹೋದರೆ ಲಾಸ್ ಏಂಜಲಿಸ್ ಹತ್ತಿರದ ಪೊಮೋನಾದಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ರೋಡ್‌ಸ್ಟರ್ ಶೋ ನೋಡಿ ಬನ್ನಿ. ಬಣ್ಣಕ್ಕೆ ಮರುಳಾಗದೆ ಕಾರಿನ ಮುಂದೆ ಮಂಡಿಯೂರಿ, ಆಕ್ಸಲ್‌ನ ತಿರುವು, ಬಗ್ಗಿಸಿದ ಸ್ಟೀರಿಂಗ್ ತೋಳು, ಶಾಕಲ್‌ನ ಕೋನ ಗಮನಿಸಿ. ಅದಕ್ಕೂ ಮೊದಲು ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರು ಕಟ್ಟಿಸಿರುವ ಪಯಣ ಎಂಬ ಹಳೆಯ ಕಾರುಗಳ ಮ್ಯೂಸಿಯಂನಲ್ಲಿ ಒಂದು ಬೆಳಗು ಕಳೆಯಿರಿ. ತಗ್ಗಿಸದ ಕಾರು ಹೇಗೆ ನಿಲ್ಲುತ್ತಿತ್ತು ಎಂಬುದು ಕಣ್ಣಿಗೆ ಕೂತಿದ್ದರೆ ಮಾತ್ರ ತಗ್ಗಿಸಿದವರು ಏನು ಮಾಡಿದರು ಎಂಬುದು ಅರ್ಥವಾಗುತ್ತದೆ.